ಹಿರಿಯರ ಕಮ್ಯುನಿಟಿ ಫ್ಲ್ಯಾಟ್: ಮುಂದೆ ಆರೈಕೆ ಹೆಚ್ಚಾದರೆ ಖರ್ಚಿನ ಲೆಕ್ಕ ಹೇಗೆ?

ಶಿವಮೊಗ್ಗ ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆದವಳು, ವಯಸ್ಸು 68. ನಮ್ಮನೆಯವರಿಗೆ 73, ಪಾರ್ಕಿನ್ಸನ್ಸ್ ಶುರುವಾಗಿದೆ. ಸ್ನಾನ, ಊಟ, ವಾಕಿಂಗ್ ಎಲ್ಲ ಅವರೇ ಮಾಡಿಕೊಳ್ಳುತ್ತಾರೆ, ಶರ್ಟಿನ ಗುಂಡಿ ಹಾಕೋಕೆ ಮಾತ್ರ ನಾನು ಬೇಕು. ಮಗ ಕೆನಡಾದಲ್ಲಿ, ಮಗಳು ಪುಣೆಯಲ್ಲಿ. ಇಲ್ಲಿನ ಮನೆ ಮಾರಿ, ದೇವನಹಳ್ಳಿ ಕಡೆ ಹಿರಿಯರಿಗೆಂದೇ ಕಟ್ಟಿರುವ ಕಮ್ಯುನಿಟಿಯಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್ ತಗೊಳ್ಳೋಣ ಅಂತಿದ್ದೇವೆ. ಊಟ, ಮೇಂಟೆನೆನ್ಸ್ ಸೇರಿ ಇಬ್ಬರಿಗೆ ತಿಂಗಳಿಗೆ 48,000 ಅಂದರು. ಪೆನ್ಶನ್‌ನಲ್ಲಿ ಸರಿಹೋಗುತ್ತೆ. ಆದರೆ ಇವರಿಗೆ ಎದ್ದು ಓಡಾಡೋಕೆ ಆಗದೇ ಹೋದರೆ? ಮಾರ್ಕೆಟಿಂಗ್ ಹುಡುಗನನ್ನು ಕೇಳಿದರೆ “ಅದೆಲ್ಲ ನಾವು ನೋಡ್ಕೋತೀವಿ ಆಂಟಿ” ಅಂದ. ಅಂಥ ಕಡೆ ಇರುವವರು ಯಾರಾದರೂ ಬಿಡಿಸಿ ಹೇಳಿ.

ನಿವೃತ್ತ ಬ್ಯಾಂಕಿನವನು
ಟೀಚರ್, ನಾವಿಬ್ಬರೂ ಇರುವುದು ಇಂಥದ್ದೇ ಕಡೆ. ನಿಮಗೆ ಹೇಳಿರುವ 48,000 ಓಡಾಡಿಕೊಂಡು ಇರುವವರ ರೇಟು. ನಮ್ಮನೆಯವಳಿಗೆ ಸ್ಟ್ರೋಕ್ ಆದಮೇಲೆ ಹಗಲಿಗೊಬ್ಬಳು ಅಟೆಂಡರ್, ರಾತ್ರಿಗೊಬ್ಬಳು, ಅವರ ಊಟ, ಫಿಸಿಯೋ, ಡೈಪರ್, ಏರ್‌ಬೆಡ್ ಬಾಡಿಗೆ ಎಲ್ಲ ಸೇರಿ ಮೇಂಟೆನೆನ್ಸಿಗಿಂತ ದೊಡ್ಡ ಬಿಲ್ಲಾಯಿತು. ಇನ್ಶೂರೆನ್ಸಿನವರು ಆಸ್ಪತ್ರೆ ಖರ್ಚು ಕೊಟ್ಟರು, ಅಟೆಂಡರ್ ಸಂಬಳಕ್ಕೆ ಒಂದು ರೂಪಾಯಿಯೂ ಇಲ್ಲ.

ಮೇಂಟೆನೆನ್ಸ್ ವರ್ಷವರ್ಷ ಎಷ್ಟು ಏರಿಸುತ್ತಾರೆ ಅಂತ ಅಗ್ರಿಮೆಂಟಿನಲ್ಲಿ ನೋಡಿ. 8% ಅಂದರೂ 48,000 ಒಂಬತ್ತು ವರ್ಷಕ್ಕೆ 96,000ದ ಹತ್ತಿರ ಹೋಗುತ್ತೆ. ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಅದನ್ನೂ ಕೇಳಿ. ಮನೆ ಮಾರಿದ ದುಡ್ಡನ್ನೆಲ್ಲ ದಯವಿಟ್ಟು ಫ್ಲ್ಯಾಟಿಗೇ ಸುರಿಯಬೇಡಿ. ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮಿನಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. 8.2% ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ಬಡ್ಡಿ, ತೆರಿಗೆ ಬೇರೆ. ಅದನ್ನು ಅಟೆಂಡರ್ ಖರ್ಚಿಗೆ ಅಂತಲೇ ಎತ್ತಿಡಿ.

ಇನ್ನೊಂದು ಮಾತು. ಇವರಿಗೆ ಇನ್ನು ಫ್ಲ್ಯಾಟಿನಲ್ಲಿ ಆಗಲ್ಲ, ಕೇರ್ ಬ್ಲಾಕಿಗೆ (ಸ್ವಂತ ಓಡಾಡಲಾಗದವರನ್ನು ನೋಡಿಕೊಳ್ಳುವ ಬೇರೆ ಬ್ಲಾಕ್) ಹೋಗಬೇಕು ಅಂತ ತೀರ್ಮಾನ ಮಾಡುವವರು ಯಾರು? ಅವರು ಅಲ್ಲಿ, ನೀವು ಇಲ್ಲಿ ಅಂತಾದರೆ ಎರಡೂ ಕಡೆ ಪೂರ್ತಿ ಕಟ್ಟಬೇಕಾ? ನಮ್ಮ ಪಕ್ಕದ ಬ್ಲಾಕಿನ ಅಜ್ಜಿಯೊಬ್ಬರು ಹಾಗೇ ಕಟ್ಟುತ್ತಿದ್ದಾರೆ, ನೋಡಿದರೆ ಸಂಕಟವಾಗುತ್ತೆ. ಇದಕ್ಕೆ ಬಾಯಿಮಾತಿನ ಉತ್ತರ ಒಪ್ಪಲೇಬೇಡಿ, ಬರೆಸಿಕೊಳ್ಳಿ.

ಹೋಂ ನರ್ಸ್, ಮೈಸೂರು
ಅಮ್ಮಾ, ಒಂದು ಬೆಡ್‌ರೂಮ್ ಅಂದರೆ ರಾತ್ರಿ ಅಟೆಂಡರ್ ಮಲಗೋದು ಎಲ್ಲಿ? ಹಾಲ್‌ನಲ್ಲಿ ಮಲಗಿದರೆ ಅಂಕಲ್ ಕರೆದದ್ದು ಕೇಳಿಸಬೇಕಲ್ಲ, ಪಾರ್ಕಿನ್ಸನ್ಸ್‌ನಲ್ಲಿ ದನಿ ಸಣ್ಣದಾಗುತ್ತೆ. ಬಾತ್‌ರೂಮ್ ಬಾಗಿಲು ಟೇಪ್ ಹಿಡಿದು ಅಳೆಯಿರಿ, ಮೂರಡಿ ಇದ್ದರೆ ವೀಲ್‌ಚೇರ್ ಆರಾಮಾಗಿ ಹೋಗುತ್ತೆ.

ಮಾತ್ರೆ ವಿಷಯ ಎಲ್ಲಕ್ಕಿಂತ ಮುಖ್ಯ. ಪಾರ್ಕಿನ್ಸನ್ಸ್‌ಗೆ ಕೊಡುವ ಸಿಂಡೋಪಾ ಮಾತ್ರೆ ಅರ್ಧ ಗಂಟೆ ತಡವಾದರೂ ಕೆಲವರಿಗೆ ಕಾಲು ನೆಲಕ್ಕೆ ಅಂಟಿದ ಹಾಗಾಗುತ್ತೆ, ಬೀಳೋದು ಆಗಲೇ. ಮಾತ್ರೆ ಕೊಟ್ಟ ರಿಜಿಸ್ಟರ್ ತೋರಿಸಿ ಅಂತ ಅಲ್ಲಿನ ನರ್ಸಿಗೆ ಕೇಳಿ. ಬರೆದಿರುವ ಟೈಮ್ ನೋಡಿದರೇ ಗೊತ್ತಾಗುತ್ತೆ. ಒಂದು ರಾತ್ರಿ ಗೆಸ್ಟ್ ರೂಮಿನಲ್ಲಿ ಉಳಿದು ಬೆಲ್ ಒತ್ತಿ, ಯಾರು ಬರ್ತಾರೆ, ಎಷ್ಟು ಹೊತ್ತಿಗೆ ಬರ್ತಾರೆ ನೋಡಿ.

ತುಮಕೂರು ವಕೀಲ
ಮೇಡಂ, ಮಗಳ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಟ್ಟರೆ ಸಾಕು ಅನ್ನುವವರಿದ್ದಾರೆ. ಸಾಲದು. 1872ರ ಕಾಂಟ್ರ್ಯಾಕ್ಟ್ ಆ್ಯಕ್ಟ್ 201ನೇ ಸೆಕ್ಷನ್ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯಿತು. ಸಾರ್‌ಗೆ ನೆನಪು ಚೆನ್ನಾಗಿರುವಾಗಲೇ ಬ್ಯಾಂಕ್ ಖಾತೆಗಳನ್ನು ‘ಐದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರಾದರೂ ಒಬ್ಬರೇ ನಡೆಸಬಹುದಾದ ಜಂಟಿ ಖಾತೆ) ಮಾಡಿಸಿ, ನಾಮಿನಿ ಹಾಕಿಸಿ, ವಿಲ್ ಬರೆಸಿ. ಕೇಂದ್ರ ವಸತಿ ಸಚಿವಾಲಯದ 2019ರ ಮಾದರಿ ಮಾರ್ಗಸೂಚಿಯಲ್ಲಿ ಬಿಲ್ಡರ್, ಸೇವೆ ಕೊಡುವ ಕಂಪನಿ, ಕೊಳ್ಳುವವರು ಮೂವರೂ ಸಹಿ ಮಾಡುವ ಒಪ್ಪಂದದ ಪ್ರಸ್ತಾಪವಿದೆ. ನಿಮಗೆ ಅಂಥದ್ದು ಕೊಡುತ್ತಾರಾ ಕೇಳಿ. ಬಿಲ್ಡರ್ ಕಟ್ಟಿ ಹೋದಮೇಲೆ ಊಟಕ್ಕೂ ನರ್ಸಿಗೂ ಯಾರನ್ನು ಹಿಡಿಯುತ್ತೀರಿ?

ಶಿವಮೊಗ್ಗ ಟೀಚರ್
ಎಲ್ಲರಿಗೂ ತುಂಬಾ ಧನ್ಯವಾದ. ಮಗಳ ಜೊತೆ ಕೂತು ಎಲ್ಲ ಓದಿದೆವು. ಇಲ್ಲಿನ ಮನೆ ಸದ್ಯ ಮಾರಲ್ಲ, ಬಾಡಿಗೆಗೆ ಕೊಡ್ತೀವಿ. ಅಲ್ಲೂ ಮೊದಲು ಬಾಡಿಗೆಗೇ ಹೋಗ್ತೀವಿ, ಎರಡು ಬೆಡ್‌ರೂಮಿನದು ನೋಡ್ತಿದ್ದೇವೆ. ಬ್ಯಾಂಕ್ ಸರ್, ಕೇರ್ ಬ್ಲಾಕಿನ ರೇಟ್ ಕಾರ್ಡ್ ಬೇರೆ ಇರುತ್ತಾ, ಅಥವಾ ಅಗ್ರಿಮೆಂಟಿನಲ್ಲೇ ಸೇರಿರುತ್ತಾ?

ನಿವೃತ್ತ ಬ್ಯಾಂಕಿನವನು
ನಮ್ಮಲ್ಲಿ ಬೇರೆ ಇದೆ, ಏಪ್ರಿಲ್‌ನಲ್ಲಿ ಬದಲಾಗುತ್ತೆ. ಹಿಂದಿನ ಮೂರು ವರ್ಷದ್ದನ್ನೂ ಕೇಳಿ ತಗೊಳ್ಳಿ, ಎಷ್ಟೆಷ್ಟು ಏರಿಸಿದ್ದಾರೆ ಅಂತ ಅದರಲ್ಲೇ ಸಿಗುತ್ತೆ.