ಸಹಾಯ ಬೇಕು: ಲ್ಯಾಕ್ಟೋಬ್ಯಾಸಿಲಸ್‌ನ ಹಳೆಯ ಮತ್ತು ಹೊಸ ಹೆಸರುಗಳನ್ನು ಕಲಿಸುವ ಬಗೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಪದವಿ ತರಗತಿಗಳಿಗೆ ಸೂಕ್ಷ್ಮಜೀವಿಶಾಸ್ತ್ರ ಬೋಧಿಸುವ ನಾನು, ಬ್ಯಾಕ್ಟೀರಿಯಾಗಳ ವರ್ಗೀಕರಣದ ಬಗ್ಗೆ ಕನ್ನಡದಲ್ಲಿ ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ.

2020ರಲ್ಲಿ, ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳ ಕುಲವಾದ ಲ್ಯಾಕ್ಟೋಬ್ಯಾಸಿಲಸ್‌ನ 261 ಪ್ರಭೇದಗಳನ್ನು, ಮುಖ್ಯವಾಗಿ ಅವುಗಳ ಜೀನೋಮ್‌ಗಳನ್ನು (ಜೀವಿಯ ಸಂಪೂರ್ಣ ಡಿಎನ್‌ಎ) ಹೋಲಿಸಿ ನೋಡಿ, 25 ಕುಲಗಳಿಗೆ ಹಂಚಲಾಯಿತು. ಅವುಗಳಲ್ಲಿ 23 ಕುಲಗಳು ಹೊಸದಾಗಿ ರಚನೆಯಾದವು. ಹೀಗಾಗಿ ಹುದುಗಿಸಿದ ತರಕಾರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್ ಆಗಿದೆ, ಆದರೆ ಲ್ಯಾಕ್ಟೋಬ್ಯಾಸಿಲಸ್ ಅಸಿಡೋಫಿಲಸ್ ಮೊದಲಿನ ಕುಲದಲ್ಲೇ ಉಳಿದಿದೆ. ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯು ಹೆಸರುಗಳನ್ನು ನಿಯಂತ್ರಿಸುತ್ತದೆಯೇ ಹೊರತು ವರ್ಗೀಕರಣವನ್ನಲ್ಲ. ಆದ್ದರಿಂದ ಹಳೆಯ ಹೆಸರು ರದ್ದಾಗಿಲ್ಲ; ಹಳೆಯ ವರ್ಗೀಕರಣವನ್ನು ಒಪ್ಪುವವರು ಅದನ್ನು ಬಳಸಬಹುದು. ಬಾಯಿಪಾಠಕ್ಕಿಂತ ಹೆಸರಿಗೂ ವರ್ಗೀಕರಣಕ್ಕೂ ಇರುವ ಈ ವ್ಯತ್ಯಾಸ ವಿದ್ಯಾರ್ಥಿಗಳ ಮನಸ್ಸಿಗೆ ಇಳಿಯುವುದು ಬಹಳ ಮುಖ್ಯವೆಂದು ನಾನು ನಂಬಿದ್ದೇನೆ, ಏಕೆಂದರೆ ಪಠ್ಯಪುಸ್ತಕ, ಪ್ರೋಬಯಾಟಿಕ್ ಪೊಟ್ಟಣ ಮತ್ತು ಸಂಶೋಧನಾ ಲೇಖನಗಳಲ್ಲಿ ಅವರಿಗೆ ಒಂದೇ ಜೀವಿಗೆ ಎರಡು ಹೆಸರುಗಳು ಎದುರಾಗುತ್ತವೆ.

ಇದನ್ನು ತರಗತಿಯಲ್ಲಿ ಈಗಾಗಲೇ ಕಲಿಸಿರುವವರು ಎರಡೂ ಹೆಸರುಗಳನ್ನು ಯಾವ ಕ್ರಮದಲ್ಲಿ ಪರಿಚಯಿಸಿದಿರಿ ಎಂದು ದಯವಿಟ್ಟು ತಿಳಿಸಿ. ಪ್ರಯೋಗಾಲಯದ ಹಳೆಯ ಕಲ್ಚರ್ ಬಾಟಲಿಗಳ ಚೀಟಿಗಳನ್ನು ಬದಲಿಸಿದ್ದೀರಾ, ಅಥವಾ ಹೊಸ ಹೆಸರಿನ ಪಕ್ಕದಲ್ಲಿ ಹಳೆಯದನ್ನೂ ಉಳಿಸಿಕೊಂಡಿದ್ದೀರಾ? ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಬಳಸುವ 16ಎಸ್ ಆರ್‌ಆರ್‌ಎನ್‌ಎ (ರೈಬೋಸೋಮ್‌ನ ಒಂದು ಆರ್‌ಎನ್‌ಎ) ಅನುಕ್ರಮಗಳನ್ನು ವಿದ್ಯಾರ್ಥಿಗಳೇ ಹೋಲಿಸಿ ನೋಡುವಂಥ ಸರಳ ಅಭ್ಯಾಸವಿದ್ದರೆ ಅದನ್ನೂ ಹಂಚಿಕೊಳ್ಳಬೇಕೆಂದು ವಿನಂತಿಸುತ್ತೇನೆ.