‘ಮೈದುಂಬಿದ’ ವೈನ್ ಎನ್ನಬಹುದೇ? ಚೊಗರು, ಬೆರಕೆಗಳ ಬಗ್ಗೆಯೂ ಕೇಳುವುದಿದೆ

ಪದಪ್ರಿಯರಿಗೆ ಬದಿಯಡ್ಕದಿಂದ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಕಲಿತ ನನ್ನ ಅಕ್ಕನ ಮಗ ಈಗ ಹೋಟೆಲ್ ಕೆಲಸದ ತರಬೇತಿಯಲ್ಲಿದ್ದಾನೆ. ಅವನಿಗಾಗಿ ಕೆಂಪು ವೈನಿನ ರುಚಿ ನೋಡುವ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫ್ರಾನ್ಸಿನ ರೋನ್ ಕಣಿವೆಯ ಸಿರಾ ದ್ರಾಕ್ಷಿಯ ಅಧ್ಯಾಯಕ್ಕೆ ಬಂದಾಗ ‘ಫುಲ್ ಬಾಡೀಡ್’ ಎಂಬಲ್ಲಿ ಕೈ ನಿಂತಿತು. ಆಸ್ಟ್ರೇಲಿಯಾದವರೂ ನಾಸಿಕದವರೂ ಶಿರಾಜ್ ಎನ್ನುವುದು ಇದೇ ದ್ರಾಕ್ಷಿಗೆ.

‘ಗಾಢ’ ಎಂದರೆ ಬಣ್ಣವಾಯಿತು, ‘ಕಡು’ ಎಂದರೆ ಅಮಲಾಯಿತು. ಇಲ್ಲಿ ಹೇಳಬೇಕಾದದ್ದು ಬಾಯಿಗೆ ತೋರುವ ತೂಕ. ಮದ್ಯಸಾರ ಹೆಚ್ಚಿದಷ್ಟೂ ಈ ತೂಕ ಹೆಚ್ಚುತ್ತದೆ. ಶಿರಾಜ್‌ನಲ್ಲಿ ಅದು ಸಾಮಾನ್ಯವಾಗಿ ಶೇ. 13ರಿಂದ 15. ಪಾಯಸಕ್ಕೆ ಕಾಯಿ ಹಿಂಡುವಾಗ ಮೊದಲು ಬರುವ ದಪ್ಪ ಹಾಲನ್ನೂ ಆಮೇಲಿನ ನೀರು ಹಾಲನ್ನೂ ನಾಲಗೆಯ ಮೇಲೆ ಇಟ್ಟು ನೋಡಿದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಆದರೆ ‘ದಪ್ಪ ವೈನ್’ ಎಂದರೆ ಪಾನಕದ ಹಾಗೆ ಅಂಟುವುದೇನೋ ಎನಿಸುತ್ತದೆ. ‘ಮಂದ’ಕ್ಕೆ ಜಡವೆಂಬ ಅರ್ಥವೂ ಇದೆ.

ಆಷಾಢದಲ್ಲಿ ಪಯಸ್ವಿನಿ ಮೈದುಂಬಿ ಹರಿಯುತ್ತದೆ ಎನ್ನುತ್ತೇವಲ್ಲ? ಹರಿಯುವುದಕ್ಕೂ ಮೈ ಉಂಟೆಂದು ಕನ್ನಡ ಮೊದಲೇ ಒಪ್ಪಿಕೊಂಡಿದೆ. ಹಾಗಾಗಿ ‘ಮೈದುಂಬಿದ ವೈನ್’ ಎಂದು ಬರೆದೆ, ಬರೆದು ಖುಷಿಪಟ್ಟೆ. ಆದರೆ ಹೊಳೆಯ ಮಾತಿನಲ್ಲಿರುವುದು ನೀರಿನ ಪ್ರಮಾಣ, ಇಲ್ಲಿರುವುದು ಒಂದು ಗುಟುಕಿನ ಗುಣ. ನಮ್ಮ ಕಡೆ ಭೂತ, ತೆಯ್ಯಂ ನೋಡಿ ಬೆಳೆದವರ ಕಿವಿಗೆ ‘ಮೈದುಂಬುವುದು’ ಆವೇಶವಾಗಿಯೂ ಕೇಳಿಸೀತು. ಇದಕ್ಕೆ ನಿಮ್ಮ ಅಭಿಪ್ರಾಯ ಬೇಕು.

ಬಾಯಿ ಒಣಗಿಸುವ ದ್ರವ್ಯವಾದ ಟ್ಯಾನಿನ್‌ಗೆ ಮಾತ್ರ ನನಗೆ ಅನುಮಾನವಿಲ್ಲ. ಮೊನ್ನೆ ಅವನು ತಂದ ಶಿರಾಜ್ ಕುಡಿದಾಗ ಒಸಡು ಒಣಗಿ, ನಾಲಗೆ ಕೆನ್ನೆಯ ಒಳಬದಿಗೆ ಉಜ್ಜಿದಂತಾಯಿತು. ಉಪ್ಪು ಸವರದೆ ಗೇರುಹಣ್ಣು ಕಚ್ಚಿದಾಗ ಆಗುವುದೂ ಇದೇ. ಪುಸ್ತಕದ ಕನ್ನಡದಲ್ಲಿ ಇದು ಒಗರು, ನಮ್ಮ ಮನೆಯಲ್ಲಿ ಚೊಗರು. ಮಲೆನಾಡಿನವರು ಅಡಿಕೆ ಬೇಯಿಸಿದ ನೀರನ್ನೇ ಚೊಗರು ಎನ್ನುವುದರಿಂದ ರುಚಿಗೆ ಒಗರು, ಅದನ್ನು ಕೊಡುವ ದ್ರವ್ಯಕ್ಕೆ ಚೊಗರು ಎಂದು ಎರಡನ್ನೂ ಉಳಿಸಿಕೊಂಡರೆ ಹೇಗೆ? ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಚೊಗರು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಗೆ ಒಗರಾಗುತ್ತದೆ.

ಸಿರಾದ ಪರಿಮಳಕ್ಕಂತೂ ಹೊಸ ಪದವೇ ಬೇಡ. ಅದರ ಕರಿಮೆಣಸಿನ ವಾಸನೆಗೆ ರೋಟಂಡೋನ್ ಎಂಬ ವಸ್ತು ಕಾರಣವೆಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ನಮ್ಮ ತೋಟದ ಮೆಣಸಿನಲ್ಲಿರುವುದೂ ಅದೇ. ಅವರ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದರ ವಾಸನೆಯೇ ಹತ್ತಲಿಲ್ಲ. ಹಾಗಾಗಿ ಮೆಣಸು ಸಿಗಲಿಲ್ಲ ಎಂದ ವಿದ್ಯಾರ್ಥಿಯನ್ನು ಗದರಬಾರದೆಂದು ಪಾಠದಲ್ಲಿ ಸೇರಿಸಿದ್ದೇನೆ.

ಇನ್ನುಳಿದದ್ದು ‘ಬ್ಲೆಂಡ್’. ಗ್ರೆನಾಶ್, ಸಿರಾ, ಮೂರ್ವೆದ್ರ್ ಎಂಬ ಮೂರು ದ್ರಾಕ್ಷಿಗಳನ್ನೂ ಸೇರಿಸಿದ ವೈನನ್ನು ‘ಬೆರಕೆ’ ಎನ್ನಲು ಮನಸ್ಸು ಬರುವುದಿಲ್ಲ, ಬೆರಕೆ ಎಣ್ಣೆಯ ನೆನಪಾಗುತ್ತದೆ. ರೋನ್ ಕಣಿವೆಯ ಕೋಟ್ ರೋಟಿ ಎಂಬ ಪ್ರದೇಶದ ವೈನಿನಲ್ಲಿ ಸಿರಾದ ಜೊತೆಗೆ ಶೇ. 20ರವರೆಗೆ ವಿಯೊನ್ಯೇ ಎಂಬ ಬಿಳಿ ದ್ರಾಕ್ಷಿ ಸೇರಿಸಲು ಅನುಮತಿಯಿದೆ. ಅದು ಕಲಬೆರಕೆಯಲ್ಲ, ಕಸುಬುದಾರಿಕೆ. ‘ಕೂಡಿಕೆ’ ಎಂದು ಬರೆದಿಟ್ಟಿದ್ದೇನೆ. ಕುಂಬಳೆ, ಮಂಜೇಶ್ವರದ ಕಡೆ ಇದಕ್ಕಿಂತ ಒಗ್ಗುವ ಆಡುಮಾತು ಇದ್ದರೆ ದಯವಿಟ್ಟು ತಿಳಿಸಿ.