ಬಲಗೈ ಒಳಬದಿಯ ಹಚ್ಚೆ: ಎಸ್‌ಎಸ್‌ಸಿ ಜಿಡಿ, ಅಗ್ನಿವೀರ ಮೆಡಿಕಲ್‌ಗೆ ಮುಂಚೆ ಏನು ಮಾಡಬೇಕು?

ಮಲಪ್ರಭಾ_ದಂಡೆ:

ನಮ್ಮೂರ ಹುಡುಗನೊಬ್ಬನ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 19. ಎಸ್‌ಎಸ್‌ಸಿ ಜಿಡಿ ಕಾನ್‌ಸ್ಟೆಬಲ್ (ಕೇಂದ್ರ ಪಡೆಗಳ ಭರ್ತಿ) ಮತ್ತು ಅಗ್ನಿವೀರ (ಸೇನೆಯ ಭರ್ತಿ), ಎರಡಕ್ಕೂ ತಯಾರಿ ನಡೆಸಿದ್ದಾನೆ. ಬಲಗೈಯಲ್ಲಿ, ಮೊಣಕೈಗೂ ಮಣಿಕಟ್ಟಿಗೂ ನಡುವೆ ಒಳಬದಿಗೆ, ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆ ಇದೆ. 'ಅವ್ವ' ಎಂಬ ಅಕ್ಷರ, ಅದರ ಕೆಳಗೊಂದು ತ್ರಿಶೂಲ. ಪೂರ್ತಿ ಕಪ್ಪು, ಉದ್ದ 6 ಸೆಂ.ಮೀ., ಅಗಲ 3 ಸೆಂ.ಮೀ. ಎಡಗೈಯಲ್ಲಿ ಹೆಬ್ಬೆರಳ ಬುಡದ ಹತ್ತಿರ, ಹಸ್ತದ ಹಿಂಬದಿಗೆ 1 ಸೆಂ.ಮೀ. ಅಳತೆಯ ನಕ್ಷತ್ರವೊಂದಿದೆ.

ಕೋಚಿಂಗ್‌ನಲ್ಲಿ ಒಬ್ಬರು 'ದೇವರ ಹಚ್ಚೆಗೆ ಏನೂ ಅನ್ನಲ್ಲ' ಅಂತಾರೆ, ಇನ್ನೊಬ್ಬರು 'ಹಚ್ಚೆ ಕಂಡರೆ ಅಲ್ಲೇ ಹೊರಗೆ' ಅಂತಾರೆ. ಯಾವುದು ಸರಿ? ತೆಗೆಸಬೇಕಾದರೆ ಎಷ್ಟು ದಿನ ಹಿಡಿಯುತ್ತದೆ? ಸುಣ್ಣ, ಸೋಡಾ ಹಚ್ಚಿದರೆ ಹೋಗುತ್ತದೆ ಎಂದು ಊರಲ್ಲಿ ಹೇಳುತ್ತಿದ್ದಾರೆ, ಅದಕ್ಕೇ ಗಾಬರಿಯಾಗಿ ಬರೆಯುತ್ತಿದ್ದೇನೆ.

ಕವಾಯತು_ಮೈದಾನ:

ಮೊದಲು ಸುಣ್ಣ, ಸೋಡಾ ಕೈಬಿಡಿಸಿ. ಯಾಕೆ ಎಂಬುದನ್ನು ವೈದ್ಯರು ಹೇಳುತ್ತಾರೆ. ನಾನು ನಿಯಮದ ಮಾತು ಹೇಳುತ್ತೇನೆ.

ಕೋಚಿಂಗ್‌ನವರು ಇಬ್ಬರೂ ಅರ್ಧ ಸತ್ಯ ಹೇಳಿದ್ದಾರೆ. ಎಸ್‌ಎಸ್‌ಸಿ ಜಿಡಿ ಮೂಲಕ ಸೇರುವ ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್, ಐಟಿಬಿಪಿ, ಎಸ್‌ಎಸ್‌ಬಿ, ಅಸ್ಸಾಂ ರೈಫಲ್ಸ್‌ಗಳಿಗೆ ಹಚ್ಚೆಯ ನಿಯಮ ಅಧಿಸೂಚನೆಯಲ್ಲೇ ಇರುತ್ತದೆ. ಅದರಲ್ಲಿ ಮೂರು ಪ್ರಶ್ನೆಗಳಿವೆ: ಏನು ಬರೆಸಿದ್ದಾರೆ, ಎಲ್ಲಿ, ಎಷ್ಟು ದೊಡ್ಡದು. ಧಾರ್ಮಿಕ ಚಿಹ್ನೆ, ದೇವರ ಚಿತ್ರ, ಹೆಸರು ನಡೆಯುತ್ತವೆ. ಜಾಗ ಮಾತ್ರ ಬಿಗಿ. ಮುಂಗೈಯ ಒಳಬದಿ ಆಗಬಹುದು, ಆದರೆ ಎಡಗೈ ಮಾತ್ರ, ಏಕೆಂದರೆ ಸೆಲ್ಯೂಟ್ ಹೊಡೆಯುವುದು ಬಲಗೈಯಲ್ಲಿ. ಹಸ್ತದ ಹಿಂಬದಿಯೂ ಆಗಬಹುದು ಎಂದು ಬರೆದಿದೆ, ಆದರೆ ಅಲ್ಲಿಯೂ ಬಲಗೈಯದನ್ನು ಸೆಲ್ಯೂಟ್ ಕೈ ಎಂದೇ ತಿರಸ್ಕರಿಸಿರುವ ಪ್ರಕರಣಗಳಿವೆ. ಅಳತೆ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು.

ಮೂರೂ ಒಟ್ಟಿಗೆ ಸರಿಯಿರಬೇಕು. ಹೆಚ್ಚಿನ ಹುಡುಗರು ಎಡವುವುದು ಇಲ್ಲಿಯೇ. ತ್ರಿಶೂಲ ಧಾರ್ಮಿಕ ಚಿಹ್ನೆ, ಹಾಗಾಗಿ ಮೊದಲ ಪ್ರಶ್ನೆಯಲ್ಲಿ ಪಾಸು. ಬಲಗೈ, ಹಾಗಾಗಿ ಎರಡನೆಯದರಲ್ಲಿ ಫೇಲು. ದೇವರ ಚಿತ್ರ ಎಂಬ ಕಾರಣಕ್ಕೆ ಜಾಗದ ನಿಯಮ ಸಡಿಲವಾಗುವುದಿಲ್ಲ.

ಸೇನೆಯ ಲೆಕ್ಕ ಬೇರೆ. ಅಗ್ನಿವೀರ ಅಧಿಸೂಚನೆಯ ಪ್ರಕಾರ ಮೊಣಕೈ ಒಳಭಾಗದಿಂದ ಮಣಿಕಟ್ಟಿನವರೆಗೆ ಮುಂಗೈಗಳ ಒಳಬದಿ ಮತ್ತು ಹಸ್ತದ ಹಿಂಬದಿ ಆಗಬಹುದು. ಅಲ್ಲಿ 'ಎಡಗೈ ಮಾತ್ರ' ಎಂಬ ಮಾತಿಲ್ಲ. ತೋಳು, ಎದೆ, ಕತ್ತು, ಬೆನ್ನು, ಕಾಲು ಯಾವುದೂ ಆಗದು. ಅಂದರೆ ಅದೇ 'ಅವ್ವ' ಹಚ್ಚೆ ಅಗ್ನಿವೀರ ರ‍್ಯಾಲಿಯಲ್ಲಿ ನಿಯಮದೊಳಗೆ ಇರುತ್ತದೆ, ಸಿಆರ್‌ಪಿಎಫ್ ಮೆಡಿಕಲ್‌ನಲ್ಲಿ ಹೊರಗೆ ಹಾಕಿಸುತ್ತದೆ. ಒಂದು ಕಡೆ ಪಾಸಾದವನ ಮಾತು ಕೇಳಿ ಇನ್ನೊಂದು ಕಡೆಗೆ ಹೋಗಬೇಡಿ. ಸೇನೆಯಲ್ಲಿ ಹಚ್ಚೆಯ ಬಗ್ಗೆ ಸ್ವಯಂ ಘೋಷಣೆ ಬರೆದುಕೊಡಬೇಕು. ಅದರಲ್ಲಿ ಒಂದು ಚುಕ್ಕೆಯನ್ನೂ ಮುಚ್ಚಿಡಬಾರದು.

ಎಡಗೈ ನಕ್ಷತ್ರದ ಜಾಗ, ಅಳತೆ ಎರಡೂ ಸರಿ. ಆದರೆ ಅದು ದೇವರ ಚಿಹ್ನೆಯಲ್ಲ, ಹೆಸರೂ ಅಲ್ಲ. ನಿಯಮವನ್ನು ಅಕ್ಷರಶಃ ಓದುವ ವೈದ್ಯಾಧಿಕಾರಿ ಸಿಕ್ಕರೆ ಕೊಕ್ಕೆ ಬೀಳಬಹುದು. ಬಲಗೈಯದಕ್ಕೆ ಹೇಗೂ ಲೇಸರ್ ಮಾಡಿಸುತ್ತೀರಿ, ಅದೇ ಸಿಟ್ಟಿಂಗ್‌ನಲ್ಲಿ ಇದನ್ನೂ ಮುಗಿಸಿ.

ಕಾಲು ಪಾಲು ಅಳೆಯುವ ಬಗೆ ಕೇಳುವವರು ಬಹಳ, ಇಲ್ಲೇ ಹೇಳಿಬಿಡುತ್ತೇನೆ. ಮೊಣಕೈ ಮಡಿಕೆಯಿಂದ ಮಣಿಕಟ್ಟಿನ ಗೆರೆಯವರೆಗೆ ಉದ್ದ ಅಳೆಯಿರಿ, ಒಳಬದಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಸರಾಸರಿ ತೆಗೆಯಿರಿ. ಉದ್ದ 25, ಅಗಲ 7.5 ಬಂದರೆ ಒಟ್ಟು ಸುಮಾರು 187 ಚದರ ಸೆಂ.ಮೀ., ಕಾಲು ಪಾಲು 47. ಹಚ್ಚೆಯ ಗೆರೆಗಳನ್ನಷ್ಟೇ ಲೆಕ್ಕ ಹಾಕಬೇಡಿ. ಅದರ ಸುತ್ತ ಚೌಕ ಎಳೆದು, ಆ ಚೌಕದ ಅಳತೆ ಹಿಡಿಯಿರಿ. ಮಂಡಳಿಯವರು ಕಣ್ಣಳತೆಯಲ್ಲೇ ನೋಡುತ್ತಾರೆ, ಗಡಿಗೆ ತಾಗಿದ್ದು ದೊಡ್ಡದಾಗಿಯೇ ಕಾಣುತ್ತದೆ. ಮಣಿಕಟ್ಟಿಗೆ ಕಡಗದಂತೆ ಸುತ್ತಿಸಿಕೊಂಡವರದ್ದು ಎಷ್ಟೇ ಸಣ್ಣದಿದ್ದರೂ ಹೊರಬದಿಗೆ ಹೋಗಿರುವುದರಿಂದ ಜಾಗದ ನಿಯಮದಲ್ಲೇ ಬೀಳುತ್ತದೆ.

ತೊಗಲು_ವೈದ್ಯ:

ಸುಣ್ಣ ಮತ್ತು ಸೋಡಾ ಕ್ಷಾರ. ಕ್ಷಾರ ಚರ್ಮವನ್ನು ಕರಗಿಸುತ್ತಾ ಒಳಗಿಳಿಯುತ್ತದೆ. ಎಲ್ಲಿ ನಿಲ್ಲಬೇಕೆಂದು ಹಚ್ಚಿದವರಿಗೆ ಗೊತ್ತಾಗುವುದಿಲ್ಲ. ಹಚ್ಚೆಯ ಮಸಿ ಇರುವುದು ಮೇಲ್ಚರ್ಮದಲ್ಲಲ್ಲ, ಅದರ ಕೆಳಗಿನ ಒಳಚರ್ಮದಲ್ಲಿ. ಅಲ್ಲಿಯವರೆಗೆ ಸುಟ್ಟರೆ ಮಸಿಯ ಜತೆ ಚರ್ಮವೂ ಹೋಗಿ, ಉಬ್ಬಿದ ಕಲೆ ಅಥವಾ ಕೆಲಾಯ್ಡ್ (ಗಾಯದ ಅಂಚು ಮೀರಿ ಬೆಳೆಯುವ ಗಂಟು ಕಲೆ) ಉಳಿಯುತ್ತದೆ, ಅದೂ ಅದೇ 'ಅವ್ವ' ಅಕ್ಷರದ ಆಕಾರದಲ್ಲಿ. ಕರಿಗೇರು ಎಣ್ಣೆ ಹಚ್ಚುವವರೂ ಇದ್ದಾರೆ. ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದ ಬೀಜ ಅದು. ಚರ್ಮಕ್ಕೆ ತಾಗಿದರೆ ನೀರ್ಗುಳ್ಳೆ ಏಳುತ್ತವೆ, ಹುಣ್ಣು ಸುತ್ತಲೂ ಹರಡುತ್ತದೆ. ಆನ್‌ಲೈನ್‌ನಲ್ಲಿ ಸಿಗುವ 'ಟ್ಯಾಟೂ ರಿಮೂವಲ್ ಕ್ರೀಂ'ಗಳಲ್ಲಿ ಹಲವು ಆಮ್ಲಗಳೇ. ದಯವಿಟ್ಟು ಯಾವುದೂ ಬೇಡ. ಮಸಿಯನ್ನು ಆಮೇಲೆ ತೆಗೆಯಬಹುದು, ಸುಟ್ಟ ಕಲೆಯನ್ನು ತೆಗೆಯಲಾಗದು.

ಸರಿಯಾದ ದಾರಿ ಲೇಸರ್. ಕ್ಲಿನಿಕ್‌ನಲ್ಲಿ ಕೇಳಬೇಕಾದ ಮಾತು ಒಂದೇ: ಯಂತ್ರ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಅಥವಾ ಪಿಕೋಸೆಕೆಂಡ್ ಲೇಸರ್ ಹೌದೇ? ಕೂದಲು ತೆಗೆಯುವ ಲೇಸರ್, ಐಪಿಎಲ್ (ತೀವ್ರ ಬೆಳಕಿನ ಮಿಡಿತ ಹಾಯಿಸುವ) ಯಂತ್ರಗಳ ಬೆಳಕು ಮಿಲಿಸೆಕೆಂಡ್‌ಗಟ್ಟಲೆ ಉಳಿಯುತ್ತದೆ, ಅಷ್ಟರಲ್ಲಿ ಮಸಿಯ ಕಾವು ಸುತ್ತಲ ಚರ್ಮಕ್ಕೆ ಹರಡಿ ಸುಡುತ್ತದೆ. ಕ್ಯೂ-ಸ್ವಿಚ್ಡ್‌ನದು ನ್ಯಾನೋಸೆಕೆಂಡ್ ಲೆಕ್ಕ. ಮಸಿಯ ಕಣ ಒಡೆಯುತ್ತದೆ, ಪಕ್ಕದ ಚರ್ಮ ಉಳಿಯುತ್ತದೆ. ಒಡೆದ ಚೂರುಗಳನ್ನು ದೇಹದ ಬಿಳಿ ರಕ್ತಕಣಗಳು ನುಂಗಿ ದುಗ್ಧನಾಳಗಳ ಮೂಲಕ ಸಾಗಿಸುತ್ತವೆ. ಈ ಸಾಗಣೆ ನಿಧಾನದ ಕೆಲಸ, ಆದ್ದರಿಂದಲೇ ಎರಡು ಸಿಟ್ಟಿಂಗ್‌ಗಳ ನಡುವೆ 6ರಿಂದ 8 ವಾರ ಬಿಡುತ್ತೇವೆ. 'ಹದಿನೈದು ದಿನಕ್ಕೊಮ್ಮೆ ಬನ್ನಿ, ಮೂರು ತಿಂಗಳಲ್ಲಿ ಮುಗಿಸಿಕೊಡ್ತೀವಿ' ಎನ್ನುವ ಕಡೆಗೆ ಹೋಗಬೇಡಿ.

ನಮ್ಮ ಕಡೆಯ ಮೈಬಣ್ಣಕ್ಕೆ 1064 ನ್ಯಾನೋಮೀಟರ್ ತರಂಗಾಂತರ ಸುರಕ್ಷಿತ. ಅದನ್ನು ಚರ್ಮದ ಕಪ್ಪು ಕಡಿಮೆ ಹೀರುತ್ತದೆ, ಹಾಗಾಗಿ ಅದು ಮಸಿಯ ಕಪ್ಪಿಗೆ ನೇರವಾಗಿ ತಾಗುತ್ತದೆ. ಜಾತ್ರೆಯ ಕಪ್ಪು ಹಚ್ಚೆ ಸಾಮಾನ್ಯವಾಗಿ ಇಂಗಾಲದ ಮಸಿ, ಲೇಸರ್‌ಗೆ ಚೆನ್ನಾಗಿ ಬಗ್ಗುತ್ತದೆ. ಕೆಂಪಿಗೆ 532 ಬೇಕು, ಹಸಿರು ಮತ್ತು ನೀಲಿಗೆ ಬೇರೆಯದೇ ಯಂತ್ರ. ಇವು ನಮ್ಮ ಚರ್ಮದಲ್ಲಿ ಬಿಳಿ ಮಚ್ಚೆ ಬಿಡುವ ಅಪಾಯ ಹೆಚ್ಚು. ಜಾತ್ರೆ ಸೂಜಿಯ ಒಂದು ತೊಂದರೆ ಎಂದರೆ ಆಳ ಒಂದೇ ಸಮ ಇರುವುದಿಲ್ಲ. ಗೆರೆಯ ಮುಕ್ಕಾಲು ಭಾಗ ಬೇಗ ಮಾಸಿ, ಆಳಕ್ಕಿಳಿದ ನಾಲ್ಕೈದು ಚುಕ್ಕೆ ಹಟ ಹಿಡಿದು ನಿಲ್ಲುತ್ತವೆ.

ಕ್ಯಾಲೆಂಡರ್ ಲೆಕ್ಕ ಹೀಗೆ. 6 ಸಿಟ್ಟಿಂಗ್, 7 ವಾರದ ಅಂತರ ಎಂದರೆ 35 ವಾರ. 8 ಬೇಕಾದರೆ 49 ವಾರ. ಕೊನೆಯ ಸಿಟ್ಟಿಂಗ್ ಆದ ಮೇಲೆ ಕೆಂಪು ಇಳಿದು ಚರ್ಮದ ಬಣ್ಣ ಒಂದಾಗಲು 8ರಿಂದ 12 ವಾರ ಸೇರಿಸಿ. ಶುರು ಮಾಡುವ ಮುನ್ನ ಮೂಲೆಯಲ್ಲಿ ಸಣ್ಣ ಜಾಗಕ್ಕೆ ಟೆಸ್ಟ್ ಮಾಡಿಸಿ, 4 ವಾರ ಕಾದು ನೋಡಿ. ಮನೆಯವರಿಗೆ ಕೆಲಾಯ್ಡ್ ಇದ್ದರೆ, ಹುಡುಗ ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು.

ಮರಗಟ್ಟಿಸುವ ಮುಲಾಮನ್ನು 45ರಿಂದ 60 ನಿಮಿಷ ಮುಂಚೆ ಹಚ್ಚಿ ಮುಚ್ಚುತ್ತಾರೆ. ಲೇಸರ್ ತಾಗಿದೊಡನೆ ಜಾಗ ಹಿಮ ಬಿದ್ದಂತೆ ಬೆಳ್ಳಗಾಗಿ ಸುಮಾರು 20 ನಿಮಿಷದಲ್ಲಿ ಇಳಿಯುತ್ತದೆ. ಮೊದಲ ಮೂರು ದಿನಗಳಲ್ಲಿ ಗುಳ್ಳೆ ಏಳಬಹುದು, ಒಡೆಯಬಾರದು. ದಿನಕ್ಕೆರಡು ಸಲ ವ್ಯಾಸಲೀನ್ ಸವರಿ ಅಂಟದ ಪಟ್ಟಿ ಕಟ್ಟಿ. ಹಕ್ಕಳೆ ಒಂದೆರಡು ವಾರದಲ್ಲಿ ತಾನೇ ಉದುರುತ್ತದೆ, ಕಿತ್ತರೆ ಅಲ್ಲಿ ಕಲೆ. ಓಟದ ಅಭ್ಯಾಸದ ಹುಡುಗರು ಕೆಡಿಸಿಕೊಳ್ಳುವುದು ಬಿಸಿಲಿಗೆ. 24 ನಿಮಿಷದಲ್ಲಿ 5 ಕಿ.ಮೀ. ಓಡುವ ತಯಾರಿ ಬೆಳಗಿನ ಹತ್ತು ಗಂಟೆ ಬಿಸಿಲಲ್ಲಿ ಮಾಡಿದರೆ ಆ ಜಾಗ ಕಪ್ಪಿಟ್ಟು, ಮುಂದಿನ ಸಿಟ್ಟಿಂಗ್ ಮುಂದೂಡಬೇಕಾಗುತ್ತದೆ. ನಸುಕಿನಲ್ಲಿ ಓಡಿ, ತುಂಬುತೋಳು ಹಾಕಿ, ಗಾಯ ಮಾಗಿದ ಮೇಲೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ. ಬೀಡಿ ಸಿಗರೇಟು ಸೇದುವವರಲ್ಲಿ ಹಚ್ಚೆ ಮಾಸುವುದು ನಿಧಾನ.

ಸಮಯ ಇಲ್ಲದವರಿಗೆ ಕತ್ತರಿಸಿ ತೆಗೆಯುವ ದಾರಿ ಇದೆ, ಆದರೆ ಸಣ್ಣ ಹಚ್ಚೆಗೆ ಮಾತ್ರ. ಕಣ್ಣಿನ ಆಕಾರದಲ್ಲಿ ಕತ್ತರಿಸಿ ಹೊಲಿಯುವುದರಿಂದ ಗೆರೆಯ ಉದ್ದ ಅಗಲದ ಸುಮಾರು ಮೂರು ಪಟ್ಟು ಇರಲೇಬೇಕು. 3 ಸೆಂ.ಮೀ. ಅಗಲಕ್ಕೆ 9 ಸೆಂ.ಮೀ. ಗೆರೆ ಬೀಳುತ್ತದೆ. ಹರೆಯದವರ ಬಿಗಿ ಚರ್ಮದಲ್ಲಿ ಅಷ್ಟನ್ನು ಒಂದೇ ಸಲಕ್ಕೆ ಸೇರಿಸಿ ಹೊಲಿದರೆ ಎಳೆತಕ್ಕೆ ಕಲೆ ಅಗಲವಾಗುತ್ತದೆ. ಈ ಹುಡುಗನಿಗೆ ನಾನು ಅದನ್ನು ಹೇಳುವುದಿಲ್ಲ. ಮಾಡಿಸಿದವರು ಹೊಲಿಗೆ ಬಿಚ್ಚಲು 10ರಿಂದ 14 ದಿನ, ದಂಡ-ಬೈಠಕ್, ಹಗ್ಗ ಹತ್ತುವುದಕ್ಕೆ ಕನಿಷ್ಠ 6 ವಾರ ಬಿಡಬೇಕು.

ಸೂಜಿ_ಮಸಿ:

ಹಚ್ಚೆ ಹಾಕುವವರ ಕಡೆಯಿಂದ ಎರಡು ಮಾತು. 'ಕವರ್‌ಅಪ್ ಮಾಡಿಸಿಬಿಡು' ಎಂಬ ಸಲಹೆ ಖಂಡಿತ ಬರುತ್ತದೆ, ಒಪ್ಪಬೇಡಿ. ಹಳೆಯದನ್ನು ಮುಚ್ಚಲು ಹೊಸದು ಎರಡು ಮೂರು ಪಟ್ಟು ದೊಡ್ಡದಾಗಬೇಕು, ಮೇಲೆ ದಟ್ಟ ಮಸಿ. 18 ಚದರ ಸೆಂ.ಮೀ. ಇದ್ದದ್ದು ಮೂರು ಪಟ್ಟಾದರೆ 50 ದಾಟಿ ಕಾಲು ಪಾಲಿನ ನಿಯಮವೂ ಕೆಡುತ್ತದೆ. ಎರಡು ಪದರ ಮಸಿಗೆ ಲೇಸರ್ ಸಿಟ್ಟಿಂಗ್‌ಗಳೂ ಹೆಚ್ಚು ಬೇಕು.

ಮೈಬಣ್ಣದ ಮಸಿ ತುಂಬಿಸುವುದು ಅದಕ್ಕಿಂತ ಕೆಟ್ಟದ್ದು. ಆ ಮಸಿಯಲ್ಲಿ ಟೈಟಾನಿಯಂ ಡಯಾಕ್ಸೈಡ್, ಕಬ್ಬಿಣದ ಆಕ್ಸೈಡ್ ಇರುತ್ತವೆ. ಮುಂದೆ ಲೇಸರ್ ತಾಗಿಸಿದರೆ ಅದು ಕಪ್ಪಾಗಿ ತಿರುಗಿಬಿಡುತ್ತದೆ. ಮೆಡಿಕಲ್ ದಿನ ಕನ್ಸೀಲರ್ ಬಳಿದು ಹೋಗುವುದೂ ಬೇಡ. ಬಟ್ಟೆ ಬಿಚ್ಚಿಸಿ ಹತ್ತಿರದಿಂದ ನೋಡುತ್ತಾರೆ, ಬೆವರಿಗೆ ಬಣ್ಣ ಬಿಡುತ್ತದೆ, ಆಮೇಲೆ ಹಚ್ಚೆಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತದೆ.

ಭರ್ತಿಗೆ ಹೋಗುವ ಆಸೆ ಇರುವ ಹುಡುಗ ಹಚ್ಚೆ ಹಾಕಿಸಲು ಕೂತಾಗ 'ಯಾವ ಕೈ?' ಎಂದು ಒಂದು ಮಾತು ಕೇಳಬೇಕಾದ್ದು ನಮ್ಮ ಕೆಲಸದವರ ಹೊಣೆ. ಜಾತ್ರೆಯ ಗದ್ದಲದಲ್ಲಿ ಯಾರೂ ಕೇಳುವುದಿಲ್ಲ ಎಂಬುದು ನಿಜಕ್ಕೂ ನೋವಿನ ಸಂಗತಿ.

ಮಲಪ್ರಭಾ_ದಂಡೆ:

ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಇವನ ಅಕ್ಕನೂ ಎಸ್‌ಎಸ್‌ಸಿ ಜಿಡಿ ಬರೆಯುತ್ತಿದ್ದಾಳೆ. ಅವಳ ಗದ್ದದ ಮೇಲೆ ಅಜ್ಜಿ ಚಿಕ್ಕಂದಿನಲ್ಲಿ ಹಾಕಿಸಿದ ಹಚ್ಚೆ ಚುಕ್ಕೆ ಇದೆ, ಅದೂ ಲೆಕ್ಕಕ್ಕೆ ಬರುತ್ತದೆಯೇ? ಮತ್ತೆ, ಲೇಸರ್ ಪೂರ್ತಿ ಮುಗಿಯುವ ಮೊದಲೇ ಮೆಡಿಕಲ್ ಬಂದು ಅನ್‌ಫಿಟ್ ಅಂದರೆ ದಾರಿ ಏನು?

ಕವಾಯತು_ಮೈದಾನ:

ಚುಕ್ಕೆಯೂ ಹಚ್ಚೆಯೇ. ಗದ್ದ ಆ ನಿಯಮದ ಜಾಗಗಳಲ್ಲಿ ಇಲ್ಲ. ಸೇನೆಯ ನಿಯಮದಲ್ಲಿ ಬುಡಕಟ್ಟು ಸಮುದಾಯದವರ ಸಾಂಪ್ರದಾಯಿಕ ಹಚ್ಚೆಗೆ ವಿನಾಯಿತಿ ಇದೆ, ಆದರೆ ಅದಕ್ಕೆ ಆ ಸಮುದಾಯದವರೇ ಆಗಿರಬೇಕು, ಪ್ರಮಾಣಪತ್ರ ಬೇಕು. ಅಜ್ಜಿ ಹಾಕಿಸಿದ್ದು ಎಂಬುದಷ್ಟೇ ಸಾಲದು. ಗದ್ದದ ಚುಕ್ಕೆ ಸಾಸಿವೆಯಷ್ಟೋ ಮೆಣಸಿನ ಕಾಳಿನಷ್ಟೋ ಇರುತ್ತದೆ, ತೆಗೆಸುವುದು ಕಷ್ಟವಲ್ಲ. ಮುಖದ ಮೇಲಿನದು ಮುಂಗೈಯದಕ್ಕಿಂತ ಬೇಗ ಮಾಸುತ್ತದೆ.

ಎರಡನೆಯ ಪ್ರಶ್ನೆಗೆ: ಮೊದಲ ಮೆಡಿಕಲ್‌ನಲ್ಲಿ ಅನ್‌ಫಿಟ್ ಎಂದರೆ ರಿವ್ಯೂ ಮೆಡಿಕಲ್‌ಗೆ ಅರ್ಜಿ ಕೊಡುವ ಹಕ್ಕಿದೆ. ಅರ್ಜಿ ಕೊಡದೆ ಮನೆಗೆ ಬಂದರೆ ಅಲ್ಲಿಗೇ ಮುಗಿಯಿತು. ಅಧಿಸೂಚನೆಯ ಆ ಪ್ಯಾರಾ ಓದಿಕೊಂಡೇ ಹೋಗಿ. ಎರಡು ಮೆಡಿಕಲ್‌ಗಳ ನಡುವಿನ ಅವಧಿ ಲೇಸರ್‌ಗೆ ಸಾಲುವುದಿಲ್ಲ. ಅದನ್ನು ನಂಬಿ ಕೂರಬೇಡಿ.

ರಿಟ್_ಅರ್ಜಿ:

ರಿವ್ಯೂನಲ್ಲೂ ಹೋದರೆ ಉಳಿಯುವುದು ಹೈಕೋರ್ಟ್, ಸಂವಿಧಾನದ 226ನೇ ವಿಧಿಯ ರಿಟ್. ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಿವೆ, ಮಲಪ್ರಭಾ ಕಡೆಯವರಿಗೆ ಧಾರವಾಡ ಹತ್ತಿರ. ದೆಹಲಿ ಹೈಕೋರ್ಟ್ ಮುಂದೆ ಇಂಥವು ಬಂದಿವೆ. 2022ರಲ್ಲಿ ಬಲಗೈ ಹಿಂಬದಿಯ ಹಚ್ಚೆಗಾಗಿ ಅನರ್ಹನಾದ ಅಭ್ಯರ್ಥಿಗೆ, ಅದನ್ನು ತೆಗೆಸಿಕೊಂಡು ಹೊಸ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಲು ಅವಕಾಶ ಸಿಕ್ಕಿತು. 2024ರಲ್ಲಿ ದೆಹಲಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಅಭ್ಯರ್ಥಿಯೊಬ್ಬನ ಬಲ ಮುಂಗೈಯ ತೆಗೆಸಿದ ಹಚ್ಚೆಯ ಗುರುತು ಬರಿಗಣ್ಣಿಗೆ ಕಾಣುವುದೇ ಕಷ್ಟ ಎಂದು ಹೇಳಿ, ನ್ಯಾಯಮಂಡಳಿ ಅವನ ಪರ ಕೊಟ್ಟ ಆದೇಶವನ್ನು ಹೈಕೋರ್ಟ್ ಎತ್ತಿಹಿಡಿಯಿತು. ಆ ಎರಡನೆಯ ಪ್ರಕರಣದಲ್ಲಿ ಅವನನ್ನು ಉಳಿಸಿದ್ದು ಹಚ್ಚೆ ತೆಗೆಸಲು ಮಾಡಿಸಿದ್ದ ಚಿಕಿತ್ಸೆ. ಕೋರ್ಟಿಗೆ ಹೋದರೆ ನೋಡೋಣ ಎಂದು ಹಚ್ಚೆ ಹಾಗೇ ಬಿಟ್ಟವರಿಗೆ ಆ ಎರಡನೆಯ ಪ್ರಕರಣ ಆಸರೆಯಾಗುವುದಿಲ್ಲ.

ಇವತ್ತಿನಿಂದಲೇ ಕಡತ ಮಾಡಿ. ಪ್ರತಿ ಸಿಟ್ಟಿಂಗ್‌ಗೆ ಮುಂಚೆ, ಹಚ್ಚೆಯ ಪಕ್ಕ ಸ್ಕೇಲ್ ಇಟ್ಟು, ಒಂದೇ ಬೆಳಕಿನಲ್ಲಿ ದಿನಾಂಕ ಸಮೇತ ಫೋಟೋ ತೆಗೆಯಿರಿ. ರಸೀದಿಗಳಲ್ಲಿ 'ಲೇಸರ್' ಎಂದಷ್ಟೇ ಅಲ್ಲ, 'ಬಲ ಮುಂಗೈ ಹಚ್ಚೆ ತೆಗೆಯುವಿಕೆ' ಎಂದು ಬರೆಸಿ. ನೋಂದಾಯಿತ ಚರ್ಮವೈದ್ಯರ ಪ್ರಮಾಣಪತ್ರದಲ್ಲಿ ಉಳಿದಿರುವ ಗುರುತಿನ ಅಳತೆ, ಕೆಲಾಯ್ಡ್ ಇಲ್ಲ, ಮಣಿಕಟ್ಟು ಮತ್ತು ಮೊಣಕೈ ಪೂರ್ತಿ ಆಡುತ್ತವೆ ಎಂಬ ಮೂರೂ ಇರಲಿ.

ತೊಗಲು_ವೈದ್ಯ:

ಅಕ್ಕನ ಚುಕ್ಕೆಗೆ 2 ಅಥವಾ 3 ಮಿ.ಮೀ. ಪಂಚ್ (ದುಂಡಗೆ ಕತ್ತರಿಸುವ ಉಪಕರಣ) ಹಾಕಿ ಒಂದು ಹೊಲಿಗೆಯಲ್ಲಿ ತೆಗೆಯಬಹುದು, ಮುಖದ ಹೊಲಿಗೆ 5ರಿಂದ 7 ದಿನಕ್ಕೆ ಬಿಚ್ಚುತ್ತೇವೆ. ಗದ್ದದಲ್ಲಿ ಉಬ್ಬು ಕಲೆ ಆಗುವ ಪ್ರವೃತ್ತಿ ಇದ್ದರೆ ಲೇಸರ್ ಒಳ್ಳೆಯದು. ಹುಡುಗನ ಮೆಡಿಕಲ್ ದಿನಾಂಕ ಬಂದುಬಿಟ್ಟರೆ, ಅದಕ್ಕೆ ಮುಂಚಿನ ಎರಡು ತಿಂಗಳಲ್ಲಿ ಹೊಸ ಸಿಟ್ಟಿಂಗ್ ಬೇಡ. ಮಾಸಿದ ಹಳೆಯ ಗುರುತಿಗಿಂತ ಹಸಿ ಹಕ್ಕಳೆ ಕಣ್ಣಿಗೆ ಹೆಚ್ಚು ಹೊಡೆಯುತ್ತದೆ. ಖಾಸಗಿ ಕ್ಲಿನಿಕ್‌ಗೆ ಹೋಗುವ ಮುನ್ನ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ಕ್ಯೂ-ಸ್ವಿಚ್ಡ್ ಯಂತ್ರ ಇದೆಯೇ ಎಂದು ಕೇಳಿ. ಇದ್ದರೆ ಖರ್ಚು ಬಹಳ ಇಳಿಯುತ್ತದೆ, ಪ್ರಮಾಣಪತ್ರವೂ ಅಲ್ಲೇ ಸಿಗುತ್ತದೆ.